ಪಾಪ್ ಹಾಡಿಗೆ ಮಾಮನ ವ್ಯಾಖ್ಯಾನ

ನನ್ನ ಸೋದರಮಾವನ ಕಾರು ಹತ್ತುವವರು ಎರಡು ಸಲ ಯೋಚನೆ ಮಾಡಬೇಕು! ಡ್ರೈವಿಂಗ್ ಕೆಟ್ಟದು ಅಂತಲ್ಲ. ಇಂಗ್ಲಿಷರ ನಾಡಿನ ನಮ್ಮ ಡಿಡ್ಸ್‌ಬರಿಯಲ್ಲಿ ಅವನಷ್ಟು ನಿಧಾನವಾಗಿ ಕಾರು ಓಡಿಸುವವನು ಇನ್ನೊಬ್ಬನಿಲ್ಲ. ಅಪಾಯ ಇರುವುದು ಅವನು ಹಾಕುವ ಹಾಡುಗಳಲ್ಲಿ. ಎಂಬತ್ತರ ದಶಕದ ಇಂಗ್ಲಿಷ್ ಪಾಪ್ ಹಾಡುಗಳು, ಅದರಲ್ಲೂ ಸರಕಾರವನ್ನು ಬೈಯುವಂಥವು ಮಾತ್ರ! ಅರಿವಳಿಕೆ ಡಾಕ್ಟರಾಗಿ ಮೂವತ್ತು ವರ್ಷ ಜನರನ್ನು ಮಲಗಿಸಿದ ಮನುಷ್ಯ, ರಿಟೈರ್ ಆದಮೇಲೆ ಯಾರನ್ನೂ ತೂಕಡಿಸಲು ಬಿಡುವುದಿಲ್ಲ.

ಸುಮ್ಮನೆ ಹಾಡು ಹಾಕಿದ್ದರೆ ಹೇಗೋ ಸಹಿಸಬಹುದಿತ್ತು. ಆದರೆ ಅವನು ಮೈಸೂರಿನಲ್ಲಿ ಗಮಕ ಕೇಳಿ ಬೆಳೆದವನು. ಒಬ್ಬರು ಪದ್ಯ ಹಾಡುವುದು, ಇನ್ನೊಬ್ಬರು ಅರ್ಥ ಬಿಡಿಸಿ ಹೇಳುವುದು. ಇಲ್ಲೂ ಅದೇ ಪದ್ಧತಿ! ಗಿಟಾರಿನವನು ಒಂದು ಸಾಲು ಹಾಡಿದ ತಕ್ಷಣ ಮಾಮ ಫಟ್ಟಂತ ನಿಲ್ಲಿಸುತ್ತಾನೆ. "ಗಮನಿಸಿ, ಇಲ್ಲಿ ಮಳೆ ಅಂದರೆ ಮಳೆಯಲ್ಲ, ನಿರುದ್ಯೋಗ! ಇನ್ನು ಬೇಬಿ ಅಂದರೆ ಯಾರು? ಗಣಿ ಕಾರ್ಮಿಕ!"

ಒಮ್ಮೆ ಕನ್ನಡ ಸಂಘದ ಯುಗಾದಿಗೆ ಭಾವಗೀತೆ ಹಾಡಿ ಅಂತ ಕರೆದರು. ಪುಣ್ಯಾತ್ಮ ಒಂದು ಪಾಪ್ ಹಾಡು ಹಾಡಿ, ಇದು ಕಾರ್ಖಾನೆ ಮುಚ್ಚಿದ ಕಥೆ ಅಂತ ಅರ್ಧ ಗಂಟೆ ವ್ಯಾಖ್ಯಾನ ಮಾಡಿದ. ಅಲ್ಲಿ ಪೂರಿ ತಣ್ಣಗಾಗುತ್ತಿತ್ತು. ನನ್ನ ಗಂಡ ತಡೆಯಲಾರದೆ, "ಮಾಮ, ಅದು ಬರೀ ಪ್ರೇಮಗೀತೆಯಂತೆ. ಹಾಡಿದವನೇ ಹೇಳಿದ್ದಾನೆ" ಅಂದ.

"ಅವನಿಗೇನ್ರೀ ಗೊತ್ತು!" ಅಂದ ಮಾಮ.

ಹೀಗಿರುವಾಗ ನಮ್ಮ ಬಡಾವಣೆಯ ಲೈಬ್ರರಿ ಮುಚ್ಚುತ್ತಾರೆ ಅನ್ನುವ ಸುದ್ದಿ ಬಂತು. ಶನಿವಾರ ನಾನು ಮಕ್ಕಳಿಗೆ ಕನ್ನಡ ಪಾಠ ಹೇಳುವುದು ಅಲ್ಲೇ. ಸುಮ್ಮನಿರಲು ಆಗುತ್ತದೆಯೇ? ಬಾಗಿಲ ಮುಂದೆ ಎಲ್ಲರೂ ಸೇರಿ ಹಾಡಿ ಪ್ರತಿಭಟಿಸುವುದು ಅಂತ ತೀರ್ಮಾನವಾಯಿತು. ಹಾಡಿಸುವುದಕ್ಕೆ ಮಾಮನಿಗಿಂತ ಯೋಗ್ಯರು ಯಾರಿದ್ದಾರೆ? ಕೇಳಿದ್ದಕ್ಕೆ "ಬರ್ತೀನಿ" ಅಂದ. ಒಂದೇ ಮಾತು! ನನಗೆ ಆಗಲೇ ಅನುಮಾನ ಬರಬೇಕಿತ್ತು.

ಆ ದಿನ ಎಲ್ಲರೂ ಬಂದರು. ಮಾಮನ ಕಾರೂ ಬಂತು. ರಸ್ತೆಯ ಆಚೆ ನಿಂತಿತು, ಆದರೆ ಅವನು ಇಳಿಯಲಿಲ್ಲ. ಹೋಗಿ ನೋಡಿದರೆ ಸೀಟ್ ಬೆಲ್ಟ್ ಕೂಡ ಬಿಚ್ಚಿಲ್ಲ!

"ಇಳಿ ಮಾಮ, ಎಲ್ಲರೂ ಕಾಯ್ತಿದ್ದಾರೆ."

"ಪೊಲೀಸರಿದ್ದಾರಲ್ಲೇ."

"ಇರೋದು ಒಬ್ಬ. ಅವನೂ ಟೀ ಕುಡೀತಿದ್ದಾನೆ."

"ನಾನು ಯಾವತ್ತೂ ಇಂಥದ್ದಕ್ಕೆ ಹೋದವನಲ್ಲ ಕಣೇ."

ನಾನು ನಕ್ಕುಬಿಟ್ಟೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಅವನು ಸ್ಟೀರಿಂಗ್ ನೋಡುತ್ತಲೇ ಹೇಳಿದ: "ಶೆಫೀಲ್ಡಿಗೆ ಬಂದ ಹೊಸತರಲ್ಲಿ ಬಸ್ ಸ್ಟಾಪಿನಲ್ಲಿ ಒಬ್ಬ ಮುಖಕ್ಕೆ ಉಗಿದ. ವಾಪಸ್ ಊರಿಗೆ ಹೋಗೋದೇ ಸರಿ ಅಂತ ರೂಮಿಗೆ ಬಂದು ಬಟ್ಟೆ ತುಂಬ್ತಾ ಇದ್ದೆ. ರೇಡಿಯೋದಲ್ಲಿ ಯಾರೋ ಬಿಳಿ ಹುಡುಗ, ನಮ್ಮಂಥವರನ್ನು ಹೀಗೆ ನಡೆಸಿಕೊಳ್ಳೋದು ತಪ್ಪು ಅಂತ ಹಾಡ್ತಾ ಇದ್ದ. ಕೂತು ಅತ್ತುಬಿಟ್ಟೆ. ಇಲ್ಲೇ ಉಳಿದೆ. ಆಮೇಲೆ ಅಂಥ ಹುಡುಗರೆಲ್ಲ ನಮಗೋಸ್ಕರ ಬೀದಿಗಿಳಿದರು. ನಾನು ವೀಸಾ ಹೋಗುತ್ತೆ ಅಂತ ಹೆದರಿ ಕಿಟಕಿಯಿಂದ ನೋಡಿದೆ."

ಬಗ್ಗಿ ಅವನ ಬೆಲ್ಟ್ ಬಿಚ್ಚಿದೆ, ಕೈ ಹಿಡಿದು ರಸ್ತೆ ದಾಟಿಸಿದೆ. ಹಾಡಿಸುವುದಿರಲಿ, ಕೊನೆಯ ಸಾಲಿನಲ್ಲಿ ನಿಂತವನಿಗೆ ಸ್ವರವೇ ಹೊರಡಲಿಲ್ಲ. ಕಣ್ಣು ಆ ಪೊಲೀಸಿನವನ ಮೇಲೇ ಇತ್ತು.

"ಸಾಕು ಮಾಮ, ಮನೆಗೆ ಹೋಗೋಣ" ಅಂದೆ.

"ತಡಿಯೇ. ನಲವತ್ತು ವರ್ಷ ತಡವಾಗಿ ಬಂದಿದ್ದೀನಿ. ಇಷ್ಟು ಬೇಗ ಹೋಗೋಕಾಗುತ್ತಾ?"