ರೂವಿ ಮಠದ ಸೌಟು

ನನ್ನ ಗಂಡನ ಸೋದರಮಾವ ಒಂದು ಮಠದ ಪೀಠಾಧಿಪತಿಗಳಾಗಿದ್ದರು ಎಂದರೆ ನೀವು ಕೂಡಲೇ ಎದ್ದು ಕೈಮುಗಿಯುತ್ತೀರಿ. ಸ್ವಲ್ಪ ತಡೆಯಿರಿ! ಆ ಮಠ ಇದ್ದದ್ದು ಮಸ್ಕತ್ತಿನ ರೂವಿಯಲ್ಲಿ, ಒಂದು ಟೈಲರ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ. ಶಿಷ್ಯರೆಲ್ಲ ಉಡುಪಿ, ಮಂಗಳೂರು ಕಡೆಯಿಂದ ಬಂದ ಮದುವೆಯಾಗದ ಹುಡುಗರು. ಪ್ರತಿ ಶುಕ್ರವಾರ, ಅಂದರೆ ಅಲ್ಲಿಯ ವಾರದ ರಜೆಯ ದಿನ, ಮಹಾಪ್ರಸಾದವಾಗಿ ಬಂಗುಡೆ ಸಾರು. ದಂಡ ಕಮಂಡಲಗಳ ಬದಲು ಪೀಠಾಧಿಪತಿಗಳ ಕೈಯಲ್ಲಿ ಉದ್ದ ಹಿಡಿಯ ಒಂದು ಸ್ಟೀಲ್ ಸೌಟು. ಇನ್ನು ಅಡ್ಡಬೀಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು.

ಮೊದಲು ಅದು ಎಲ್ಲ ಕಡೆ ಇರುವಂಥ ಬ್ಯಾಚುಲರ್ ರೂಮೇ. ಅದನ್ನು ಮಠ ಮಾಡಿದ್ದು ಮಾವನ ಆಫೀಸಿನಲ್ಲಿದ್ದ ಒಬ್ಬ ಜರ್ಮನ್ ಇಂಜಿನಿಯರ್. ಆತನ ಊರಿನಲ್ಲಿ ಬೆನೆಡಿಕ್ಟೈನ್ ಸನ್ಯಾಸಿಗಳ ಹಳೆಯ ಮಠವೊಂದಿತ್ತಂತೆ. ಅದರ ಯಜಮಾನನಿಗೆ ಅಬ್ಬಟ್ ಎನ್ನುತ್ತಾರೆ. ಶತಮಾನಗಳಿಂದ ಒಬ್ಬರಾದ ಮೇಲೊಬ್ಬರು ಅಬ್ಬಟ್ ಆಗಿ ಬಂದು ಆ ಮಠ ನಡೆಸಿದ್ದಾರೆ. ಒಬ್ಬ, ಬೆಂಕಿಗೆ ಸುಟ್ಟುಹೋದ ಇಗರ್ಜಿಯನ್ನು ಮತ್ತೆ ಕಟ್ಟಿಸಿದ. ಒಬ್ಬ ಯುದ್ಧ ಬಂದಾಗ ಬೆಳ್ಳಿ ಸಾಮಾನು ಗಂಟು ಕಟ್ಟಿಕೊಂಡು ಓಡಿಹೋದ. ಇನ್ನೊಬ್ಬನಿಗೆ ಜೇನು ಸಾಕುವ ಹುಚ್ಚು, ಪ್ರಾರ್ಥನೆಗೆ ಬರುವುದೇ ಮರೆತುಹೋಗುತ್ತಿತ್ತು! ಎಲ್ಲರ ಚಿತ್ರಗಳೂ ಅಲ್ಲಿಯ ಪಡಸಾಲೆಯ ಗೋಡೆಯಲ್ಲಿ ಸಾಲಾಗಿ ಇವೆಯಂತೆ. ಚಹಾದ ಹೊತ್ತಿನಲ್ಲಿ ಇದನ್ನೆಲ್ಲ ಕೇಳಿ ನಮ್ಮ ಮಾವ ತಲೆ ಕೆಡಿಸಿಕೊಂಡರು.

"ಅಷ್ಟು ವರ್ಷ ಅವರ ಒಲೆ ಆರಲಿಲ್ಲ ಮಾರಾಯ! ನಮ್ಮಲ್ಲಿ ಗ್ಯಾಸ್ ಮುಗಿದ್ರೆ ಹೇಳ್ಲಿಕ್ಕೆ ಜನ ಇಲ್ಲ!"

ಮರುವಾರ ರೂವಿಯ ಗೋಡೆಯ ಮೇಲೂ ಹಿಂದಿನ ಯಜಮಾನರ ಪಾಸ್‌ಪೋರ್ಟ್ ಸೈಜಿನ ಫೋಟೋಗಳು ಸಾಲಾಗಿ ಬಂದವು. ರೂಮು ಹಿಡಿದು ಸೌಟು ಕೊಂಡವರು ಆದಿಗುರುಗಳು. ಮೂರನೆಯವರ ಕಾಲದಲ್ಲಿ ಮೀನಿನ ವಿಷಯಕ್ಕೆ ಜಗಳವಾಗಿ, ತರಕಾರಿಯವರು ಎದುರಿನ ರೂಮಿಗೆ ಹೋಗಿ ಬೇರೆ ಮಠ ಕಟ್ಟಿಕೊಂಡರು. ಐದನೆಯವರು ರಜೆಗೆಂದು ಊರಿಗೆ ಹೋಗಿ ಯಾರಿಗೂ ಹೇಳದೆ ಮದುವೆಯಾಗಿ ಬಂದರು. ಅವರ ಫೋಟೋವನ್ನು ಮಾವ ಸ್ವಲ್ಪ ಕೆಳಗೆ ಅಂಟಿಸಿದ್ದರು.

ಕಟ್ಟಳೆಗಳೂ ಬಂದವು. ಸೌಟು ಹಿಡಿದವ ಶುಕ್ರವಾರ ಅಡುಗೆ ಮಾಡಬೇಕು, ಎಲ್ಲರಿಗೂ ಬಡಿಸಬೇಕು, ಕಡೆಗೆ ತಾನು ಉಣ್ಣಬೇಕು. ಮದುವೆಯಾದರೆ ಸೌಟು ಬಿಡಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಚುನಾವಣೆಯದು. ಜರ್ಮನಿಯಲ್ಲಿ ಯಾರೂ 'ನಾನು ಅಬ್ಬಟ್ ಆಗುತ್ತೇನೆ' ಎಂದು ತಾವಾಗಿ ನಿಲ್ಲುವುದಿಲ್ಲವಂತೆ, ಉಳಿದವರು ಸೇರಿ ಆರಿಸುತ್ತಾರಂತೆ. ಹಾಗಾದರೆ ರೂವಿಯಲ್ಲೂ ಹಾಗೆಯೇ! ವರ್ಷಕ್ಕೊಮ್ಮೆ, ನವೆಂಬರಿನ ನ್ಯಾಷನಲ್ ಡೇ ರಜೆಯಲ್ಲಿ ಕೈ ಎತ್ತಿ ಆರಿಸುವುದು.

ಆರನೆಯವರಿಗೆ ಬುರೈಮಿಗೆ ವರ್ಗವಾದಾಗ ಮಾವ ಏಳನೆಯ ಪೀಠಾಧಿಪತಿಗಳಾದರು. ಗಡಿಬಿಡಿಯಲ್ಲಿ ಆರನೆಯವರು ಸೌಟನ್ನೂ ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಗಿದ್ದರು. ರೂವಿಯಲ್ಲಿ ಸೌಟಿಗೆ ಬರಗಾಲವೇ? ಅಂಗಡಿ ಅಂಗಡಿಯಲ್ಲಿ ನೇತುಹಾಕಿದ್ದರು! ಆದರೂ ಮಾವ ರಜೆ ಹಾಕಿ, ಬಸ್ಸು ಹತ್ತಿ, ಮರುಭೂಮಿ ದಾಟಿ ಗಡಿಯ ಬುರೈಮಿಗೆ ಹೋಗಿ ಅದನ್ನೇ ತಂದರು. ಚೆಕ್‌ಪೋಸ್ಟಿನ ಪೊಲೀಸ್ ಚೀಲ ಬಿಚ್ಚಿ ನೋಡಿದರೆ ಒಂದು ಸೌಟು, ಬೇರೇನೂ ಇಲ್ಲ.

"ಏಶ್ ಹಾದಾ?" ಇದೇನು ಎಂದು ಕೇಳಿದನಂತೆ.

"ಅನಾ ಮುದೀರ್," ನಾನು ಮ್ಯಾನೇಜರು ಎಂದರಂತೆ ಮಾವ, ಎದೆಯುಬ್ಬಿಸಿ. ಪೊಲೀಸ್ ಸೌಟನ್ನೂ ಮುಖವನ್ನೂ ಸರದಿಯಲ್ಲಿ ನೋಡಿ, ಪಾಪ, ಬಿಸಿಲು ತಲೆಗೆ ಹತ್ತಿದೆಯೆಂದು ಕುಡಿಯಲು ನೀರು ಕೊಟ್ಟು ಬಿಟ್ಟನಂತೆ.

ಆಗ ಊರಿನಲ್ಲಿ ಮಾವನಿಗೆ ಹೆಣ್ಣು ಗೊತ್ತಾಗಿತ್ತು. ಕಾರ್ಕಳದ ಕಡೆಯ ಒಬ್ಬರು ಟೀಚರು. ಮಾವನಿಗೂ ಮನಸ್ಸಿತ್ತು. "ಒಂದು ವರ್ಷ ತಡೀರಿ, ಇಲ್ಲಿ ಸೌಟು ಒಬ್ಬರ ಕೈಗೆ ಕೊಟ್ಟು ಬರ್ತೇನೆ" ಎಂದು ಹೇಳಿ ಕಳಿಸಿದ್ದರು.

ನಮ್ಮದು ಅಳಿಯಕಟ್ಟು. ಮಾವನ ನಂತರ ಅಳಿಯನದೇ, ಅಂದರೆ ಅಕ್ಕತಂಗಿಯರ ಮಗನದೇ ಯಜಮಾನಿಕೆ. ಆ ಲೆಕ್ಕದಲ್ಲಿ ಅದೇ ರೂಮಿನಲ್ಲಿದ್ದ ನನ್ನ ಗಂಡನೇ ಎಂಟನೆಯ ಪೀಠಾಧಿಪತಿ ಎಂದು ಮಾವ ನಂಬಿಕೊಂಡಿದ್ದರು. ಅಷ್ಟರಲ್ಲಿ ಎಂಬತ್ತರ ದಶಕದ ನಡುವೆ ನಾನೊಬ್ಬಳು ಮದುವೆಯಾಗಿ ಬಂದು ಇಳಿದೆ! ಮಾವ ಕೊಟ್ಟ ಉಡುಗೊರೆ ಪಾತ್ರೆಗಳ ದೊಡ್ಡ ಸೆಟ್ಟು. ಅದರಲ್ಲಿ ಸೌಟು ಮಾತ್ರ ಇರಲಿಲ್ಲ.

"ನನ್ನ ಮಠ ಹಾಳು ಮಾಡಿದಿಯಲ್ಲ ಮಾರಾಯ್ತಿ!"

"ನಾನೆಂತ ಮಾಡಿದೆ ಮಾವ? ಕರಿಮಣಿ ಕಟ್ಟಿದ್ದು ನಿಮ್ಮ ಅಳಿಯ."

"ಕರಿಮಣಿ ಕಟ್ಟಿದವ ಸೌಟು ಹಿಡೀಲಿಕ್ಕಿಲ್ಲ."

"ನಮ್ಮ ಮನೆಗೆ ಬಂದು ನೋಡಿ, ದಿನಾ ಹಿಡೀತಾರೆ!"

ಮಾವ ಬಿದ್ದು ಬಿದ್ದು ನಕ್ಕರು. ಅಂದಿನಿಂದ ನಮ್ಮಿಬ್ಬರಿಗೆ ಒಳ್ಳೆಯ ಹೊಂದಾಣಿಕೆ. ಮದುವೆಯಾದ ಹಳೆಯ ಶಿಷ್ಯರಿಗೂ ಶುಕ್ರವಾರದ ಊಟ, ಓಟು ಎರಡೂ ಇತ್ತು. ನನಗೆ ಊಟ ಮಾತ್ರ.

ಹಾಗಾಗಿ ಎಷ್ಟೋ ಚುನಾವಣೆಗಳನ್ನು ನಾನು ಅಡುಗೆಮನೆಯ ಬಾಗಿಲಿನಿಂದ ನೋಡಿದ್ದೇನೆ. ಊಟವಾದ ಮೇಲೆ ಮಾವ ಸೌಟನ್ನು ನಡುವೆ ಇಟ್ಟು, "ಈ ಸಲ ಯಾರು?" ಎನ್ನುತ್ತಿದ್ದರು. ಕ್ಷಣ ಕೂಡ ತಡವಿಲ್ಲದೆ ಎಲ್ಲ ಕೈಗಳೂ ಮೇಲೆ ಹೋಗುತ್ತಿದ್ದವು. "ಮಾವನೇ! ಬೇರೆ ಯಾರು?" ನನ್ನ ಗಂಡನಿಗೆ ಮಾವನಾದವರು ಇಡೀ ರೂಮಿಗೆ ಮಾವ. ಹಿರಿಯರು ಎದುರಿಗೇ ಕೂತಿರುವಾಗ ಇನ್ನೊಬ್ಬರ ಹೆಸರು ಹೇಳುವುದುಂಟೆ? ಅದು ಅವರ ಕೆನ್ನೆಗೆ ಹೊಡೆದಂತೆ. ಮಾವ ಸೌಟೆತ್ತಿ ಪಾತ್ರೆಗೆ ಟಣ್ಣೆಂದು ಬಡಿದು, "ಖಲಾಸ್! ಅವಿರೋಧ ಆಯ್ಕೆ! ಇಂಥ ಭಾಗ್ಯ ದೆಹಲಿಯಲ್ಲೂ ಯಾರಿಗಿಲ್ಲ" ಎಂದು ನಗುತ್ತಿದ್ದರು. ಸೌಟಿಲ್ಲದೆ ಮಾವ ಬದುಕಲಾರರು ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು.

ಹೀಗೆ ಒಂದು ವರ್ಷ ಎಂದದ್ದು ಎಳೆಯುತ್ತಾ ಹೋಯಿತು. ಟೀಚರು ಕಾದರು, ಕಾದರು. ಕೊನೆಗೊಂದು ದಿನ ನನ್ನ ಅತ್ತೆ ಊರಿನಿಂದ ಫೋನು ಮಾಡಿ, ಅವರಿಗೆ ಬೇರೆ ಕಡೆ ಮದುವೆಯಾಯಿತು ಎಂದರು. ಮಾವನಿಗೆ ಹೇಳಿದವರು ನನ್ನ ಗಂಡ. "ಒಳ್ಳೇದಾಯ್ತು" ಎಂದರಂತೆ, ಅಷ್ಟೇ. ಆ ಶುಕ್ರವಾರದ ಸಾರಿಗೆ ಉಪ್ಪೇ ಇರಲಿಲ್ಲ. ಸಣ್ಣದಕ್ಕೂ ಕೊಂಕು ತೆಗೆಯುವ ಹುಡುಗರು ಅಂದು ಎರಡೆರಡು ಸಲ ಹಾಕಿಸಿಕೊಂಡು ಉಂಡರು. ನವೆಂಬರಿನಲ್ಲಿ ಮತ್ತೆ ಎಲ್ಲರೂ ಕೈ ಎತ್ತಿದರು. ಈಗಂತೂ ಮಾವನಿಗೆ ಸೌಟೊಂದೇ ಸಮಾಧಾನ ಎಂದುಕೊಂಡರು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಟ್ಟಡದ ಮಾಲೀಕ ರೂಮುಗಳನ್ನು ಖಾಲಿ ಮಾಡಿಸಿದ. ಹುಡುಗರು ಚೆಲ್ಲಾಪಿಲ್ಲಿಯಾದರು. ಮಾವನ ಕಫೀಲನೂ, ಅಂದರೆ ಕೆಲಸ ಕೊಟ್ಟ ಅರಬ್ಬಿ ಧಣಿಯೂ, ವಯಸ್ಸಾಯಿತು, ಇನ್ನು ಊರಿಗೆ ಹೋಗಿ ಎಂದ. ಜರ್ಮನಿಯಲ್ಲಿ ಬೆಂಕಿ, ಯುದ್ಧ ಬಂದರೂ ನಿಲ್ಲದ ಪರಂಪರೆ ರೂವಿಯಲ್ಲಿ ಒಂದು ಬಾಡಿಗೆ ಕರಾರಿಗೆ ಮುಗಿಯಿತು!

ಕೊನೆಯ ಶುಕ್ರವಾರ ಮಾವ ಮಸ್ಕತ್ತಿನ ಇನ್ನೊಂದು ಬದಿಯ ಅಲ್ ಮವಾಲೇಹಿನ ನಮ್ಮ ಮನೆಗೆ ಬಂದರು. ಪ್ಲಾಸ್ಟಿಕ್ ಚೀಲದಲ್ಲಿ ಸೌಟು, ಗೋಡೆಯಿಂದ ಕಿತ್ತ ಫೋಟೋಗಳು. ಉಳಿದಿದ್ದ ನಾಲ್ಕಾರು ಹುಡುಗರೂ ಸೇರಿದ್ದರು. ಸಾರು ಮಾಡಿ ಬಡಿಸಲು ಹೊರಟ ಮಾವನ ಕೈಯಿಂದ ನಾನು ಸೌಟು ಕಿತ್ತುಕೊಂಡೆ.

"ಇವತ್ತು ನೀವು ಕೂತ್ಕೊಳ್ಳಿ ಮಾವ. ನಾನು ಬಡಿಸ್ತೇನೆ."

ಬೇಡ, ಬೇಡ ಎನ್ನುತ್ತಲೇ ಕೂತರು. ಅವರು ಮೊದಲ ಪಂಕ್ತಿಯಲ್ಲಿ ಉಣ್ಣುವುದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಗಂಡನಿಗೆ ತಡೆಯಲಾಗಲಿಲ್ಲ.

"ಮಾವ, ನೀವು ಆ ಟೀಚರನ್ನು ಮದುವೆ ಆಗಬೇಕಿತ್ತು."

"ಆಗಬೇಕಿತ್ತು," ಎಂದರು ಮಾವ, ಅನ್ನ ಕಲಸುತ್ತಾ. "ಪ್ರತಿ ಸಲ ನಿಮ್ಮೆಲ್ಲರ ಕೈ ಮೇಲೆ ಹೋಗ್ತಿತ್ತು. ನಂದೊಂದು ಕೈ ಹೋಗ್ತಿರಲಿಲ್ಲ. ಯಾರಾದ್ರೂ ಒಬ್ಬ ನೋಡ್ತಾನಾ ಅಂತ ಕಾಯ್ತಿದ್ದೆ."

"ನಿಮಗೆ ಖುಷಿ ಅಂತ ನಾವು..." ಎಂದರು ನನ್ನ ಗಂಡ.

"ಖುಷಿ ಇತ್ತು ಮಾರಾಯ, ಸುಳ್ಳು ಯಾಕೆ? ಆದ್ರೆ ಆ ಖುಷಿ ಒಂದು ವರ್ಷಕ್ಕೆ ಸಾಕಿತ್ತು."

"ಬೇಡ ಅಂತ ಬಾಯಿಬಿಟ್ಟು ಹೇಳಬಹುದಿತ್ತಲ್ಲ ಮಾವ?"

"ಬೇಡ ಅಂದ್ರೆ ನಿಮಗೆ ಊಟ ಹಾಕುದು ನಂಗೆ ಭಾರ ಅಂತ ಆಗ್ತದೆ. ಹಾಗೆ ಹೇಳ್ಲಿಕ್ಕುಂಟಾ?"

ನನಗೆ ಅಳು ಬಂತು. ಇಷ್ಟು ಪ್ರೀತಿ ಇದ್ದ ಜನ, ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟು ಕೊಟ್ಟೇ ಒಂದು ಬದುಕನ್ನು ಮುಗಿಸಿಬಿಟ್ಟಿದ್ದರು. ಟೀಚರಿಗೆ ಈಗ ಯಾರು ಏನು ಹೇಳಲು ಸಾಧ್ಯ? ಕಣ್ಣೊರೆಸಿಕೊಂಡು ಸೌಟನ್ನು ಪಂಕ್ತಿಯ ನಡುವೆ ಎತ್ತಿ ಹಿಡಿದೆ.

"ಈ ಸಲ ಯಾರು?"

ಹುಡುಗರು ತಲೆ ತಗ್ಗಿಸಿದರು. ಉತ್ತರವನ್ನೂ ನಾನೇ ಕೊಟ್ಟೆ.

"ನಾನು ನಿಲ್ತೇನೆ. ಶುಕ್ರವಾರದ ಊಟ ಇನ್ನು ಇಲ್ಲೇ."

ಮಾವ ತಲೆ ಎತ್ತಿದರು. "ತಾವಾಗಿ ನಿಲ್ಲಿಕ್ಕಿಲ್ಲ. ಅದೂ ಕರಿಮಣಿ ಇರುವವಳು!"

"ಕಟ್ಟಳೆ ಮಾಡಿದ್ದು ನೀವೇ ಅಲ್ವಾ ಮಾವ? ಮುರೀಲಿಕ್ಕೂ ನೀವೇ ಆಗ್ಬೇಕು. ಈಗ ನೀವು ಸೌಟು ಬಿಟ್ಟು ಊರಿಗೆ ಹೋಗಬಹುದು. ಹೋಗಿ."

ಮಾವ ಸೌಟನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ, ಅಷ್ಟು ವರ್ಷ ಒಮ್ಮೆಯೂ ಏಳದ ಆ ಕೈ, ಅನ್ನ ಮೆತ್ತಿದ ಬಲಗೈ, ಎಲ್ಲರಿಗಿಂತ ಮೊದಲು ಮೇಲೆ ಹೋಯಿತು. ಸಾರು ಮೊಣಕೈಯವರೆಗೆ ಇಳಿಯುತ್ತಿದ್ದರೂ ಅವರು ಅದನ್ನು ಕೆಳಗಿಳಿಸಲಿಲ್ಲ.