ನಲವತ್ತಡಿ ರೋಡಿನ ಮುಂಬಾಗಿಲು

ಸಂಕೋಚದ ಹೆಂಗಸಿಗೆ ಅಡುಗೆಮನೆಯಷ್ಟು ಭದ್ರವಾದ ಜಾಗ ಇನ್ನೊಂದಿಲ್ಲ. ಹಾಲಿನಲ್ಲಿ ಯಾರೇ ಕೂತಿರಲಿ, ಬಾಗಿಲ ಮರೆಯಿಂದ ಕೈಯಷ್ಟನ್ನೇ ಚಾಚಿ ಕಾಫಿ ಲೋಟ ಕೊಟ್ಟರೆ ಮುಗಿಯಿತು. ಹಳ್ಳಿ ಸ್ಕೂಲಿನಲ್ಲಿ ಮೇಷ್ಟರು ಹೆಸರು ಕೂಗಿದಾಗ ಬಾಯಿಬಿಡಲಾರದೆ, ಎದುರಿಗೇ ಕೂತು ಗೈರುಹಾಜರಿ ಹಾಕಿಸಿಕೊಂಡವಳು ನಾನು. ಅಂಥವಳ ಅಡುಗೆಮನೆಯೊಳಕ್ಕೆ ಊರೆಲ್ಲ ಬರುವಂತೆ ಮಾಡಿದವರು ನಿಮ್ಮ ತಾತ. ಹೋದವರ ಮೇಲೆ ದೂರು ಹೇಳಬಾರದು, ನಿಜ. ಆದರೆ ಮಕ್ಕಳೇ, ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ಅದಿಯಮಾನ್‌ಕೋಟೆ ಹತ್ತಿರ ಆಗ ಹೊಸ ಲೇಔಟ್ ಆಗುತ್ತಿತ್ತು. ಅದರ ಮೊದಲ ಭಾಗಕ್ಕೆ ರಸ್ತೆ, ಕೊಳಾಯಿ, ದೀಪದ ಕಂಬ ಎಲ್ಲ ಬಂದಿದ್ದವು. ಎರಡನೆಯ ಭಾಗದ ಎದುರಿಗೆ ನಲವತ್ತಡಿ ರೋಡು ಬರಬೇಕು, ಅದು ಬಂದ ಮೇಲೆ ಅಲ್ಲಿ ಮನೆ ಕಟ್ಟಿ ಎಂದು ಲೇಔಟಿನವರು ಹೇಳಿದ್ದರು. ನಮ್ಮ ಸೈಟು ಎರಡನೆಯ ಭಾಗದ ಮೊದಲ ಸಾಲಿನದು. ತಾತ ಕಾಯುವ ಜಾತಿಯವರಲ್ಲ. ಮನೆ ಕಟ್ಟಿಯೇಬಿಟ್ಟರು, ಅದೂ ಬರಲಿರುವ ರೋಡಿಗೆ ಮುಖಮಾಡಿ. ಈಗಿರುವ ಬೀದಿ ಹಿತ್ತಿಲ ಕಡೆ ಅಲ್ಲವೇ ಎಂದು ಮೆಲ್ಲಗೆ ಕೇಳಿದೆ.

“ನಾಳೆ ರೋಡು ಬಂದ್ಮೇಲೆ ಮನೇನ ತಿರುಗ್ಸಕ್ಕಾಯ್ತದಾ?” ಎಂದರು.

ತೇಗದ ಬಾಗಿಲು, ಹಿತ್ತಾಳೆ ಚಿಲಕ. ತೆಗೆದರೆ ಮೂರು ಮಾರು ದೂರದಲ್ಲಿ ಮಾದಪ್ಪಣ್ಣನ ಕುರಿದೊಡ್ಡಿಯ ಮುಳ್ಳುಬೇಲಿ. ಪ್ಲಾನಿನಲ್ಲಿ ಅದೇ ಜಾಗಕ್ಕೆ ರೋಡು ಎಂದು ಬರೆದಿತ್ತು. ಮಾದಪ್ಪಣ್ಣ ಆ ಪ್ಲಾನನ್ನು ನೋಡಿರಲಿಲ್ಲ, ಅವನ ಕುರಿಗಳೂ ನೋಡಿರಲಿಲ್ಲ. ಹೀಗಾಗಿ ಬಂದವರೆಲ್ಲ ಹಿತ್ತಿಲಿಂದ ನುಗ್ಗಿ, ಬಚ್ಚಲು ದಾಟಿ, ನನ್ನ ಒಲೆಯ ಮುಂದೆಯೇ ಬಂದು ನಿಲ್ಲುತ್ತಿದ್ದರು. ಅಂಚೆಯವನು ಸಾಂಬಾರಿನ ವಾಸನೆ ನೋಡಿ ಉಪ್ಪು ಸಾಲದು ಎಂದು ಹೇಳಿಹೋದ ದಿನ ನಾನು ಸೆರಗು ಬಾಯಿಗಿಟ್ಟುಕೊಂಡು ಅತ್ತಿದ್ದೇನೆ. ಉಪ್ಪು ಸಾಲದಿದ್ದದ್ದು ನಿಜವೇ.

ನನ್ನ ಪಾಡು ಹೇಗಾದರೂ ಆಗಲಿ, ನಿಮ್ಮ ಅಮ್ಮನ ಮದುವೆಗೇ ಇದು ಅಡ್ಡವಾಯಿತು. ಮೊದಲು ನೋಡಲು ಬಂದ ಪಾಲಕೋಡಿನವರು, ಹೆಣ್ಣು ನೋಡಲು ಬಂದವರನ್ನು ಬಚ್ಚಲ ಪಕ್ಕದಿಂದ ಕರೆದರು ಎಂದು ಮುನಿಸಿಕೊಂಡು ಎದ್ದುಹೋದರು. ಇನ್ನೊಂದು ಸಂಬಂಧವೂ ಹೀಗೆ ತಿರುಗಿದರೆ ಹುಡುಗಿಗೇ ಕೆಟ್ಟ ಹೆಸರು ಬರುತ್ತದೆ ಎಂದು ನನಗೆ ನಿದ್ದೆ ಇಲ್ಲ. ಹರೂರಿನವರು ಬರುತ್ತಾರೆ ಎಂದಾಗ ತಾತ ಮಾದಪ್ಪಣ್ಣನ ಕೈಕಾಲು ಹಿಡಿದು ಒಂದು ದಿನದ ಮಟ್ಟಿಗೆ ಬೇಲಿ ಬಿಡಿಸಿದರು. “ನೆಂಟ್ರು ಬರಕ್ಕೆ ಬುಡ್ತೀನಿ ಸಾಮಿ, ರೋಡು ಅಂತ ಮಾತ್ರ ಯೋಳ್ಬ್ಯಾಡಿ” ಎಂದ ಅವನು.

ಎಲ್ಲ ಸರಿಹೋಗುತ್ತಿತ್ತು. ಆದರೆ ತಾತ ಕಾಗದದಲ್ಲಿ ‘ನಲವತ್ತಡಿ ರೋಡಿನ ಮನೆ’ ಎಂದು ವಿಳಾಸ ಬರೆದುಬಿಟ್ಟಿದ್ದರು. ಹರೂರಿನವರು ಬಸ್ಸಿಳಿದು ಇಲ್ಲದ ರೋಡನ್ನು ಹುಡುಕಿ ಹುಡುಕಿ ಸಾಕಾಗಿ, ದೀಪದ ಕಂಬಗಳ ಸಾಲು ಹಿಡಿದು ನೇರ ಹಿತ್ತಿಲಿಗೇ ಬಂದರು. ಅತ್ತ ಮುಂಬಾಗಿಲಿನಲ್ಲಿ ತಾತ ಇಸ್ತ್ರಿ ಶರ್ಟು ತೊಟ್ಟು ಕುರಿದೊಡ್ಡಿಯನ್ನೇ ನೋಡುತ್ತ ಕಾದಿದ್ದಾರೆ. ಇತ್ತ ನಾನು ಕೈತುಂಬ ಬಜ್ಜಿ ಹಿಟ್ಟು ಮೆತ್ತಿಕೊಂಡು ಕೂತಿದ್ದೇನೆ. ಅಡಗಿಕೊಳ್ಳೋಣವೆಂದರೆ ನಾನು ಅಡಗುವ ಜಾಗಕ್ಕೇ ಅವರು ಬಂದಿದ್ದಾರೆ. ಗಂಡಿನ ತಾಯಿ, ನಿಮ್ಮ ಹರೂರಜ್ಜಿ, ಉಸ್ಸಪ್ಪಾ ಎಂದು ಕೂತು, ಈಳಿಗೆಮಣೆ ಎಳೆದುಕೊಂಡು ಈರುಳ್ಳಿ ಹೆಚ್ಚಲು ಶುರುಮಾಡಿದರು. ಹುಡುಗಿಗೆ ಏನೇನು ಬರುತ್ತದೆ ಎಂದು ಕೇಳಿದರು. ತಾತ ಕಲಿಸಿಕೊಟ್ಟ ಉತ್ತರ ಹೆದರಿಕೆಯಲ್ಲಿ ಮರೆತುಹೋಗಿ ನನ್ನ ಬಾಯಿಂದ ನಿಜ ಬಂದುಬಿಟ್ಟಿತು.

“ಮುದ್ದೆ ಕಟ್ಟಕ್ಕೆ ಬರಲ್ಲಕ್ಕ. ಗಂಟಾಗ್ತದೆ.”

ಅವರು ಈರುಳ್ಳಿ ಕಣ್ಣೀರು ಒರೆಸಿಕೊಂಡರು. “ನಂಗೂ ಗಂಟೇ ಆಗ್ತಿತ್ತು. ಮುಂದ್ಗಡೆ ಆಲ್ನಲ್ಲಿ ಕೂತಿದ್ರೆ ಇದ್ನ ಯೋಳ್ತಿದ್ಯಾ ನೀನು?”

ಅಷ್ಟರಲ್ಲಿ ಬಿಚ್ಚಿದ ಬೇಲಿಯಿಂದ ಕುರಿಗಳು ಹೊರಟು, ಮುಂಬಾಗಿಲಿನಿಂದ ಹಾಲಿಗೆ ಬಂದು, ತಾಂಬೂಲದ ತಟ್ಟೆಯ ವೀಳ್ಯದೆಲೆಗೆ ಬಾಯಿ ಹಾಕಿದ್ದವು. ತಾತ ಟವೆಲ್ ಬೀಸುತ್ತಿದ್ದರು. ಗಂಡಿನ ಅಜ್ಜ, ಹುಟ್ಟಿನಿಂದ ಕುರಿ ಕಾಯ್ದವರು, ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದರು. “ಓಡಿಸ್ಬ್ಯಾಡಿ. ಎಲೆ ತಿಂದೈತಲ್ಲ, ತಾಂಬೂಲ ಆಯ್ತು” ಎಂದರು. ಸಂಬಂಧ ಕುದುರಿತು.

ರೋಡು ಬರಲು ಇನ್ನೂ ಎಷ್ಟೋ ವರ್ಷ ಬೇಕಾಯಿತು. ಬಂದ ದಿನ ತಾತ ಬೆಳಗಿನಿಂದ ಸಂಜೆಯವರೆಗೆ ಮುಂಬಾಗಿಲಲ್ಲೇ ನಿಂತಿದ್ದರು. ಅಂದಿನಿಂದ ಬಂದವರೆಲ್ಲ ಮುಂದಿನಿಂದ ಬಂದು, ಹಾಲಿನಲ್ಲಿ ಕೂತು, ಹಾಗೇ ಹೊರಟುಹೋಗುತ್ತಿದ್ದರು. ನನ್ನ ಅಡುಗೆಮನೆ ನನಗೆ ವಾಪಸು ಸಿಕ್ಕಿತು. ನಾಲ್ಕು ದಿನ ಬಹಳ ಹಾಯಾಗಿತ್ತು. ಐದನೆಯ ದಿನ ಸಾಂಬಾರಿಗೆ ಉಪ್ಪು ಸಾಲದೆ ಹೋದರೂ ಹೇಳುವವರಿರಲಿಲ್ಲ.

ನೀವು ರಜಕ್ಕೆ ಬಂದಾಗಲೆಲ್ಲ ಮುಂಬಾಗಿಲ ಚಿಲಕ ಹಿಡಿದುಕೊಂಡಿದೆ, ಸುತ್ತಿಕೊಂಡು ಹಿತ್ತಿಲಿಂದ ಬನ್ನಿ ಎನ್ನುತ್ತೇನಲ್ಲ, ನೀವು ಪೆಟ್ಟಿಗೆ ಹೊತ್ತುಕೊಂಡು ಗೊಣಗುತ್ತ ನನ್ನ ಒಲೆಯ ಮುಂದೆ ಬಂದು ನಿಲ್ಲುತ್ತೀರಲ್ಲ, ಅದರ ಗುಟ್ಟನ್ನು ಎದುರಿಗೆ ಹೇಳಲು ನಾಚಿಕೆಯಾಗಿ ಬರೆಯುತ್ತಿದ್ದೇನೆ. ಚಿಲಕಕ್ಕೆ ಏನೂ ಆಗಿಲ್ಲ. ವಾರಕ್ಕೊಮ್ಮೆ ನಾನೇ ಎಣ್ಣೆ ಬಿಡುತ್ತೇನೆ.