ಬಣ್ಣ ಬದಲಿಸುವ ಬೆರಳುಗಳು

ರೋಗ ಬಂದ ಮೇಲೆ ಸುಮ್ಮನೆ ಕೂಡಬೇಕು ಅಂತ ನನ್ನ ಬೆರಳುಗಳಿಗೆ ಯಾರೂ ಹೇಳಿಲ್ಲ. ಎಲ್ಲಿ ಹೋದರೂ ಒಂದು ತಮಾಷೆ ಮಾಡಿಸಿಯೇ ಬಿಡುತ್ತವೆ. ನನಗೆ ಸ್ಕ್ಲೆರೋಡರ್ಮಾ. ಚರ್ಮ ಬಿಗಿಯುತ್ತದೆ, ಅದರೊಳಗಿನ ಸಣ್ಣ ರಕ್ತನಾಳಗಳು ಹಾಳಾಗುತ್ತವೆ. ತಣ್ಣನೆಯದು ಏನು ಮುಟ್ಟಿದರೂ ಬೆರಳುಗಳು ಬೆಳ್ಳಗಾಗಿ, ನೀಲಿಯಾಗಿ, ಕೊನೆಗೆ ಕೆಂಪಾಗುತ್ತವೆ.

೧. ಕಬ್ಬಿನ ಹಾಲು

ಶಹಾಪುರದ ಬಸ್‌ಸ್ಟ್ಯಾಂಡು, ಕೆಂಡದಂಥ ಬಿಸಿಲು. ಮರೆತು ಐಸ್ ಹಾಕಿದ ಕಬ್ಬಿನ ಹಾಲಿನ ಗ್ಲಾಸು ಹಿಡಿದೆ. ಅರ್ಧ ಕುಡಿಯುವಷ್ಟರಲ್ಲಿ ಬೆರಳುಗಳು ಸುಣ್ಣದಂತಾಗಿ, ನೋಡನೋಡುತ್ತ ನೀಲಿಗೆ ತಿರುಗಿದವು. ಅಂಗಡಿಯವನು ಬೆವತುಹೋದ.

"ಅಕ್ಕಾರ, ನನ್ನ ಹಾಲಿನಾಗ ಏನೂ ಇಲ್ರಿ! ಮಂದಿ ನೋಡಾಕತ್ತಾರ, ನೀವಾರ ಹೇಳ್ರಿ!" ಎಂದವನೇ ಗ್ಲಾಸು ಕಸಿದು, ಉಳಿದರ್ಧ ಗಟಗಟ ಕುಡಿದು ತೋರಿಸಿದ. ಅವನ ಮರ್ಯಾದೆ ಉಳಿಯಿತು, ನನ್ನ ನೀರಡಿಕೆಯೂ ಉಳಿಯಿತು.

೨. ಟ್ಯೂಬು

ಚರ್ಮ ಬಿಗಿದು ನನ್ನ ಮುಖದಲ್ಲಿ ಒಂದು ಸುಕ್ಕೂ ಇಲ್ಲ. ರಂಗಂಪೇಟೆಯ ನಮ್ಮ ಪಕ್ಕದ ಮನೆಯಾಕೆಗೆ ಅದೇ ಹೊಟ್ಟೆಯುರಿ.

"ಖರೇ ಹೇಳ್ರಿ, ಮುಖಕ್ಕ ಏನ್ ಹಚ್ತೀರಿ?"

"ಏನೂ ಹಚ್ಚಲ್ಲವ್ವಾ, ಇದು ಸ್ಕ್ಲೆರೋಡರ್ಮಾ," ಅಂದೆ.

ಮರುದಿನ ಮುಖ ಗಂಟು ಹಾಕಿಕೊಂಡು ಬಂದಳು. "ಮೆಡಿಕಲ್ ಅಂಗಡ್ಯಾಗ ಕೇಳಿದೆ. ಸ್ಟಾಕ್ ಇಲ್ಲಂತ. ಎಲ್ಲಾ ಟ್ಯೂಬು ನೀವೊಬ್ರೇ ಒಯ್ದೀರೇನು?"

೩. ಅಂಜನ

ಅತ್ತೆಯವರು ಇರುವುದು ದೇವಾಪುರದಲ್ಲಿ. ಕೆನಾಲ್ ನೀರು ಬಂದ ಮೇಲೆ ಭತ್ತ ಹಚ್ಚಿದರು, ಹುಲ್ಲು ಇದೆಯೆಂದು ಎಮ್ಮೆ ತಂದರು. ಆ ಎಮ್ಮೆ ಒಂದು ದಿನ ಕೆನಾಲ್ ದಂಡೆಯಲ್ಲಿ ಮೇಯುತ್ತ ಮಾಯವಾಯಿತು. ಅದೇ ಹೊತ್ತಿಗೆ ರಕ್ತ ಸಾಲದೆ ನನ್ನ ತೋರುಬೆರಳ ತುದಿಯಲ್ಲಿ ಆಗಿದ್ದ ಹುಣ್ಣು ಕಪ್ಪಾಯಿತು. ಬೆರಳು ತೆಗೆಯಬೇಕಾದೀತೆಂದು ನನ್ನ ಜೀವವೇ ಹಾರಿಹೋಗಿತ್ತು. ಅತ್ತೆ ಎಮ್ಮೆ ಹುಡುಕುವುದು ಬಿಟ್ಟು ನನ್ನ ಜೊತೆ ಯಾದಗಿರಿಗೆ ಹೊರಟರು.

ಡಾಕ್ಟರು ಉಗುರಿನ ಬುಡಕ್ಕೆ ಒಂದು ಹನಿ ಎಣ್ಣೆ ಬಿಟ್ಟು, ಒಳಗಿನ ರಕ್ತನಾಳ ನೋಡಲು ಭೂತಗನ್ನಡಿ ಹಿಡಿದು ಬಗ್ಗಿದರು. ಅತ್ತೆ ಥಟ್ಟನೆ ಎದ್ದು ಕೈಮುಗಿದರು. ಕಳೆದದ್ದನ್ನು ಹುಡುಕಲು ಉಗುರಿಗೆ ಅಂಜನ ಹಚ್ಚಿ ನೋಡುವವರನ್ನು ಅವರು ಬೇಕಾದಷ್ಟು ಕಂಡಿದ್ದಾರೆ.

"ಕಾಣಾಕತ್ತದೇನ್ರಿ, ಡಾಕ್ಟರ್ ಸಾಬ್ರ?"

"ಕಾಣಾಕತ್ತಾವಮ್ಮ. ಕೆಲವು ದಪ್ಪ ಆಗ್ಯಾವ, ಕೆಲವು ಇಲ್ಲದಂಗ ಹೋಗ್ಯಾವ."

"ನಮ್ದು ಒಂದಽ ರೀ. ಕರಿದು. ಒಂದು ಕೋಡು ಮುರದದ."

ಡಾಕ್ಟರು ತಲೆ ಎತ್ತಿ ನನ್ನತ್ತ ನೋಡಿದರು. ನಾನು ಎಮ್ಮೆಯ ಸುದ್ದಿ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ಎಮ್ಮಿದು ನನಗ ಗೊತ್ತಿಲ್ಲಮ್ಮ. ಬೆರಳಂತೂ ಉಳೀತದ. ಔಷಧ ತಪ್ಪಿಸಬ್ಯಾಡ್ರಿ."

ಅತ್ತೆ ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಮುಚ್ಚಿಕೊಂಡರು. "ಎಮ್ಮಿ ಹೋದ್ರ ಹೋಗ್ಲಿ ಬಿಡ್ರಿ. ನಮ್ಮ ಸೊಸಿ ಬೆರಳ ಉಳೀತಲ್ಲ, ಸಾಕು." ನನಗೆ ಅಳು ತಡೆಯಲಾಗಲಿಲ್ಲ.

ಬಾಗಿಲವರೆಗೆ ಬಂದ ಅತ್ತೆ ತಿರುಗಿ ನಿಂತರು.

"ಆದ್ರೂ ಸಾಬ್ರ, ಇನ್ನ ಒಂಬತ್ತು ಬೆರಳ ಅದಾವಲ್ಲ. ಅದರಾಗ ಒಮ್ಮಿ ನೋಡಿಬಿಡ್ರಿ."